ಕಪ್ಪಾಗದ ಶೀಶೆಗಳು

ಆ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಯಾವ ಪ್ರಯೋಗವೂ ತಪ್ಪಾದ ಇತಿಹಾಸವೇ ಇರಲಿಲ್ಲ. ಲೋಲಕ ಪುಸ್ತಕದಲ್ಲಿ ಹೇಳಿದಷ್ಟೇ ಹೊತ್ತು ತೂಗುತ್ತಿತ್ತು. ನೀರು ಸರಿಯಾಗಿ ನೂರು ಡಿಗ್ರಿಗೇ ಕುದಿಯುತ್ತಿತ್ತು. ಇದ್ದೊಂದು ಥರ್ಮಾಮೀಟರು ಒಡೆದು ಪಾದರಸವೆಲ್ಲ ನೆಲದ ಸಂದಿ ಸೇರಿದ ಮೇಲೂ ನೂರಕ್ಕೇ ಕುದಿಯುತ್ತಿತ್ತು. ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳು ಪ್ರಯೋಗ ಕೈಕೊಟ್ಟಿತೆಂದು ತಲೆ ಕೆರೆದುಕೊಂಡಿರಬಹುದು. ಈ ಶಾಲೆಯ ಒಂಬತ್ತನೇ ತರಗತಿಗೆ ಅಂಥ ದುರ್ಗತಿ ಎಂದೂ ಬಂದಿರಲಿಲ್ಲ.

ಇದರ ಕೀರ್ತಿಯೆಲ್ಲ ವಿಜ್ಞಾನದ ಮೇಷ್ಟ್ರಿಗೆ ಸಲ್ಲಬೇಕು. ಅವರ ಪದ್ಧತಿ ಸರಳವಾಗಿತ್ತು. ಪ್ರಯೋಗದ ದಿನ ಕರಿಹಲಗೆಯ ಬಲಮೂಲೆಯಲ್ಲಿ ಮೊದಲು ಉತ್ತರ ಬರೆದು, ಅದರ ಸುತ್ತ ಒಂದು ಚೌಕ ಎಳೆದು, ಆಮೇಲೆ "ಈಗ ಶುರು ಮಾಡಿ" ಎನ್ನುತ್ತಿದ್ದರು. ಚೌಕದೊಳಗಿನ ಅಂಕಿಗೆ ಹತ್ತಿರ ಬಂದವರಿಗೆ ಪೂರ್ತಿ ಅಂಕ, ದೂರ ಉಳಿದವರಿಗೆ ಕೆಂಪು ಶಾಯಿಯಲ್ಲಿ 'ಮತ್ತೆ ಮಾಡು'. ಮತ್ತೆ ಮಾಡಲು ಉಪಕರಣ ಎಲ್ಲಿತ್ತು? ಇದ್ದ ಎರಡು ತಕ್ಕಡಿಗಳಲ್ಲಿ ಒಂದು ಯಾವಾಗಲೂ ಎಡಕ್ಕೇ ವಾಲುತ್ತಿತ್ತು, ಇನ್ನೊಂದನ್ನು ಯಾರಾದರೂ ತಪಾಸಣೆಗೆ ಬಂದಾಗ ತೋರಿಸಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿತ್ತು. ಹಾಗಾಗಿ ಮಕ್ಕಳು ಕೂತಲ್ಲೇ ಕೂತು ಮತ್ತೆ ಮಾಡುತ್ತಿದ್ದರು. ಅಂಕಿಗಳು ಮೆಲ್ಲಗೆ ಚೌಕದತ್ತ ಸರಿಯುತ್ತಿದ್ದವು. ಇದು ಮಕ್ಕಳಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿದೆ ಎಂಬುದೂ ಮಕ್ಕಳಿಗೆ ಗೊತ್ತಿತ್ತು. ಯಾರೂ ಯಾರನ್ನೂ ಏನೂ ಕೇಳದೆ ವರ್ಷಗಳು ಸುಖವಾಗಿ ಕಳೆದಿದ್ದವು.

ಮನೆಗೆ ಬಂದರೆ ಮಾತ್ರ ಮೇಷ್ಟ್ರಿಗೆ ಈ ಸುಖವಿರಲಿಲ್ಲ. ಅವರ ಬೀದಿ ಇಕ್ಕಟ್ಟಾದದ್ದು. ಎದುರು ಮನೆಯವರು ಕಿಟಕಿ ತೆರೆದರೆ ಇವರ ಕಿಟಕಿಗೆ ತಾಗುತ್ತಿತ್ತು. ಆ ಬೀದಿಯ ನೆಲದಡಿ ಕುಡಿಯುವ ನೀರಿನ ಕೊಳವೆಯೂ ಚರಂಡಿಯ ಕೊಳವೆಯೂ ಹಳೇ ಸ್ನೇಹಿತರಂತೆ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದವು. ಎರಡಕ್ಕೂ ವಯಸ್ಸಾಗಿತ್ತು, ಎರಡೂ ಸೋರುತ್ತಿದ್ದವು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಬಕೆಟ್ಟು ಟೀ ಬಣ್ಣದ್ದು, ಎರಡನೆಯದು ಬಣ್ಣವಿಲ್ಲದ್ದು, ನಾತ ಮಾತ್ರ ಎರಡಕ್ಕೂ ಒಂದೇ.

ಮೇಷ್ಟ್ರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಪುಟ್ಟಿ. ಇನ್ನೂ ಶಿಶುವಿಹಾರದಲ್ಲಿದ್ದಳು. ಆ ವರ್ಷ ಅವಳು ಎರಡು ಸಲ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ್ದಳು. ಎರಡನೇ ಸಲ ಕಣ್ಣು ಗುಳಿಬಿದ್ದು, ಕೈಗೆ ಸೂಜಿ ಚುಚ್ಚಿದರೂ ಅಳಲಾರದಷ್ಟು ಸೋತುಹೋಗಿದ್ದಳು. ಡಾಕ್ಟರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ನಲ್ಲಿ ನೀರು ಒಂದು ಹನೀನೂ ಈ ಮಗುವಿನ ಬಾಯಿಗೆ ಹೋಗಬಾರದು. ಮುಂದಿನ ಸಲ ನಾನು ಏನೂ ಹೇಳೋಕಾಗಲ್ಲ" ಎಂದಿದ್ದರು. ಅಂದಿನಿಂದ ಮೇಷ್ಟ್ರ ಹೆಂಡತಿ ಪಕ್ಕದ ಬೀದಿಯ ಹೊಲಿಗೆಯಾಕೆಯ ಮನೆಯ ಬೋರ್‌ವೆಲ್ಲಿನಿಂದ ದಿನಾ ಎರಡು ಕ್ಯಾನು ನೀರು ಹೊತ್ತು ತರುತ್ತಿದ್ದಳು. ಮಗು ಹಲ್ಲುಜ್ಜಿದರೆ ಆ ನೀರಿನಿಂದಲೇ ಬಾಯಿ ಮುಕ್ಕಳಿಸಬೇಕು. ಸ್ನಾನ ಮಾಡುವಾಗ ತುಟಿ ಬಿಗಿ ಹಿಡಿಯಬೇಕು. ಇದನ್ನೆಲ್ಲ ಕಲಿಸುವಷ್ಟರಲ್ಲಿ ತಾಯಿ ಮಗು ಇಬ್ಬರೂ ಅತ್ತಿದ್ದರು, ಅಂತೂ ಕಲಿಸಿಯಾಗಿತ್ತು. ಪುಟ್ಟಿ ಈಗ ನಲ್ಲಿ ಕಂಡರೆ ದೂರ ಸರಿದು ನಿಲ್ಲುತ್ತಿದ್ದಳು.

"ಎಷ್ಟು ದಿನ ಅಂತ ಕಾವಲು ಕಾಯಲಿ?" ಎಂದಳು ಹೆಂಡತಿ ಒಂದು ಸಂಜೆ, ಕ್ಯಾನು ಕೆಳಗಿಟ್ಟು ಸೊಂಟ ನೀವಿಕೊಳ್ಳುತ್ತ. "ಮಳೆಗಾಲದೊಳಗೆ ಈ ಪೈಪ್ ಬದಲಾಗದಿದ್ರೆ ನಾನು ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ನೀವು ಈ ನಲ್ಲಿ ಜೊತೆ ಸಂಸಾರ ಮಾಡ್ಕೊಂಡಿರಿ."

ಮೇಷ್ಟ್ರು ನೀರಿನ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು. ಅಲ್ಲಿನ ಎಂಜಿನಿಯರನ್ನು ಊರವರೆಲ್ಲ 'ನೋಡೋಣ ಸಾಹೇಬರು' ಎನ್ನುತ್ತಿದ್ದರು. ನೀರು ಬರಲಿಲ್ಲ ಎಂದರೆ ನೋಡೋಣ. ನೀರಿನಲ್ಲಿ ಹುಳ ಬಂತು ಎಂದರೆ ನೋಡೋಣ. ಒಂದು ಸಲ ಯಾರೋ ಹುಳವನ್ನೇ ಲೋಟದಲ್ಲಿ ತಂದು ಮೇಜಿನ ಮೇಲಿಟ್ಟರೆ, ಸಾಹೇಬರು ಕನ್ನಡಕ ಏರಿಸಿಕೊಂಡು ನಿಜವಾಗಿಯೂ ನೋಡಿದ್ದರಂತೆ. ಅಲ್ಲಿಗೆ ಆ ದೂರು ಮುಗಿಯಿತು.

ಇಂಥ ಸಾಹೇಬರು ಒಂದು ದಿನ ತಾವಾಗಿಯೇ ಶಾಲೆಗೆ ಬಂದರು. ಊರಿನ ನೀರಿನ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿ ಪ್ರೌಢಶಾಲೆ ಮಕ್ಕಳನ್ನು ತೊಡಗಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಆದೇಶದ ಜೊತೆಗೆ ಒಂದು ಪೆಟ್ಟಿಗೆ ಶೀಶೆಗಳೂ ಬಂದಿದ್ದವು. ಬೆರಳುದ್ದದ ಗಾಜಿನ ಶೀಶೆ, ತಳದಲ್ಲಿ ಚೂರು ಪುಡಿ. ನೀರು ತುಂಬಿ ಮುಚ್ಚಳ ಬಿಗಿದು ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ ಆಯಿತು. ಒಳ್ಳೆಯ ನೀರಾದರೆ ಜೇನಿನ ಬಣ್ಣ ಹಾಗೇ ನಿಲ್ಲುತ್ತದೆ, ಚರಂಡಿ ಸೇರಿದ ನೀರಾದರೆ ಮಸಿಯಂತೆ ಕಪ್ಪಾಗುತ್ತದೆ. ಬೀದಿಗೊಂದು ಶೀಶೆ, ಬೀದಿಗೊಬ್ಬ ವಿದ್ಯಾರ್ಥಿ.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಟೀ ಕುಡಿಯುತ್ತ ಸಾಹೇಬರು ದನಿ ತಗ್ಗಿಸಿದರು. "ಒಂದು ವಿಷಯ. ಈ ಸಲ ಒಂದೇ ಒಂದು ಬೀದಿಗೆ ಹೊಸ ಪೈಪ್ ಹಾಕೋ ಯೋಜನೆ ಇದೆ. ಯಾವ ಬೀದಿ ಶೀಶೆ ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತೋ ಆ ಬೀದಿಗೆ. ಆದ್ರೆ ಇದನ್ನ ಮಕ್ಕಳಿಗೆ ಹೇಳ್ಬೇಡಿ. ಹೇಳಿದ್ರೆ ಬೇಕಂತ್ಲೇ ಚರಂಡಿ ನೀರು ತುಂಬ್ಕೊಂಡು ಬಂದ್ಬಿಡ್ತಾರೆ. ಶುದ್ಧವಾದ ಬೀದಿಗೆ ಒಂದು ಫಲಕ, ಪರೀಕ್ಷೆ ಮಾಡಿದ ಮಕ್ಕಳಿಗೆ ಹತ್ತು ಅಂಕ, ಅಷ್ಟು ಹೇಳಿದ್ರೆ ಸಾಕು."

ಮುಖ್ಯೋಪಾಧ್ಯಾಯಿನಿ ಸಾಹೇಬರ ದೂರದೃಷ್ಟಿಗೆ ತಲೆದೂಗಿದರು. ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಮಾತ್ರ ಕುಡಿಯುತ್ತಿದ್ದ ಟೀ ಕೆಳಗಿಟ್ಟರು. ಊರಿನಲ್ಲಿ ಎಲ್ಲಕ್ಕಿಂತ ಕೆಟ್ಟ ನೀರು ಯಾವ ಬೀದಿಯದೆಂದು ಅವರಿಗೆ ಗೊತ್ತಿರಲಿಲ್ಲವೇ? ತಮ್ಮ ಬೀದಿಯ ಶೀಶೆ ಒಂದು ರಾತ್ರಿ ಕೂಡ ತಡೆಯಲಾರದು. ಕಪ್ಪು ಶೀಶೆ ಮೇಜಿನ ಮೇಲಿಟ್ಟರೆ ನೋಡೋಣ ಎನ್ನಲು ಸಾಹೇಬರಿಗೂ ಬಾಯಿ ಬರಲಾರದು. ತಮ್ಮ ಬೀದಿಯ ಶೀಶೆಯನ್ನು ತಾವೇ ತುಂಬಿಬಿಡಬೇಕೆಂದು ಅವರ ಕೈ ತುರಿಸಿತು. ಆದರೆ ಪಕ್ಷಪಾತ ಆಗಬಾರದು, ಯಾರೂ ತಮ್ಮ ತಮ್ಮ ಬೀದಿಯ ನೀರು ತರಕೂಡದು ಎಂಬುದೊಂದು ನಿಯಮವಿತ್ತು.

ಶೀಶೆ ಹಂಚುವ ದಿನ ಸಾಹೇಬರು ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಜೇನಿನ ಬಣ್ಣ ಒಳ್ಳೆಯದು, ಕಪ್ಪು ಕೆಟ್ಟದ್ದು ಎಂದು ಎರಡು ಮಾತಿನಲ್ಲಿ ವಿಜ್ಞಾನವನ್ನು ವಿವರಿಸಿ ಮುಗಿಸಿದ್ದರು. ಆಮೇಲೆ ಮೇಷ್ಟ್ರು ಎದ್ದು ನಿಂತರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಇಷ್ಟು ಮನಸ್ಸಿಟ್ಟು ಎಂದೂ ಮಾತಾಡಿರಲಿಲ್ಲ.

"ಮಕ್ಕಳೇ, ಇವತ್ತು ನಾನು ಹಲಗೆ ಮೇಲೆ ಉತ್ತರ ಬರೆಯಲ್ಲ. ಇದಕ್ಕೆ ಮೊದಲೇ ಗೊತ್ತಿರೋ ಉತ್ತರ ಅಂತಿಲ್ಲ. ನಲ್ಲಿ ತಿರುಗಿಸಿ, ಬಂದ ನೀರು ತುಂಬಿ, ಕಣ್ಣಿಗೆ ಏನು ಕಾಣುತ್ತೋ ಅದನ್ನೇ ಬರೀರಿ. ವಿಜ್ಞಾನ ಅಂದ್ರೆ ಸತ್ಯ."

ಸಾಹೇಬರು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು. ಎಲ್ಲರಿಗಿಂತ ಮೊದಲು ಮುಂದಿನ ಬೆಂಚಿನಿಂದ ತರಗತಿಯ ಮಾನಿಟರ್ ಹುಡುಗಿ ಎದ್ದಳು. ಗೆರೆ ಎಳೆದರೆ ಕೂದಲೆಳೆಯಷ್ಟೂ ಓರೆಯಾಗದ, ಮೇಷ್ಟ್ರು ಕೆಮ್ಮಿದರೆ ಬಿಸಿನೀರು ತಂದುಕೊಡುವ ಹುಡುಗಿ ಅವಳು. "ಸರ್, ನಿಮ್ಮ ಬೀದಿ ನಾನು ತಗೋತೀನಿ" ಎಂದಳು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇವಳ ಕೈಯಲ್ಲಿ ಯಾವುದೂ ಕೆಡುವುದಿಲ್ಲ ಎಂದುಕೊಂಡರು. ಆ ಸಂಜೆ ಹೆಂಡತಿಗೆ, "ಇನ್ನೇನು, ಪೈಪ್ ಬಂತು ಅಂತ ತಿಳ್ಕೋ" ಎಂದು ಮೀಸೆಯಡಿಯಲ್ಲೇ ನಕ್ಕರು. ಹೆಂಡತಿ ಕ್ಯಾನಿನ ಮುಚ್ಚಳ ಬಿಗಿಯುತ್ತ, "ಬಂದ ಮೇಲೆ ಹೇಳಿ" ಎಂದಳು.

ತುಂಬಿದ ಶೀಶೆಗಳು ಪ್ರಯೋಗಾಲಯದ ಕಿಟಕಿಯ ಹತ್ತಿರ ಸಾಲಾಗಿ ನಿಂತವು. ಪ್ರತಿಯೊಂದರ ಕೊರಳಿಗೂ ಬೀದಿಯ ಹೆಸರಿನ ಚೀಟಿ. ಎರಡು ದಿನ ಕಳೆದು ಮೇಷ್ಟ್ರು ಬೆಳಿಗ್ಗೆಯೇ ಓಡೋಡಿ ಬಂದು ಬಾಗಿಲು ತೆಗೆದರು. ಕಿಟಕಿಯ ಬಿಸಿಲಿನಲ್ಲಿ ಊರಿಗೆ ಊರೇ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಸಾಲಿನ ನಡುವೆ ಅವರ ಬೀದಿಯ ಶೀಶೆ. ಅದರಷ್ಟು ತಿಳಿಯಾದದ್ದು ಇನ್ನೊಂದಿರಲಿಲ್ಲ. ಮೇಷ್ಟ್ರು ಅದನ್ನೆತ್ತಿ ಬೆಳಕಿಗೆ ಹಿಡಿದರು, ಅಲುಗಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅದು ಜಪ್ಪಯ್ಯ ಅಂದರೂ ಕಪ್ಪಾಗಲಿಲ್ಲ.

ಕಪ್ಪಾಗಿದ್ದದ್ದು ಒಂದೇ ಒಂದು. ಸಾಲಿನ ಕೊನೆಯಲ್ಲಿ, ಮಸಿ ಕುಡಿಕೆಯಂತೆ ಕೂತಿತ್ತು. ಅದು ಕುಂಭಕರ್ಣನದು. ಪಾಠದಲ್ಲೂ ಪ್ರಯೋಗದಲ್ಲೂ ಕೊನೇ ಬೆಂಚಿನ ಗೋಡೆಗೊರಗಿ ನಿದ್ದೆ ಹೋಗುವ ಹುಡುಗನಿಗೆ ತರಗತಿಯವರಿಟ್ಟ ಹೆಸರು.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಗಂಟೆ ಹೊಡೆದು ಮಕ್ಕಳು ಬಂದು ಕೂತೊಡನೆ ಕುಂಭಕರ್ಣನನ್ನು ಎಬ್ಬಿಸಿ ನಿಲ್ಲಿಸಿದರು. "ಎಲ್ಲರದೂ ಸರಿ ಇದೆ, ನಿನ್ನದೊಂದು ಯಾಕೋ ಹೀಗೆ? ಏನು ಮಾಡಿದೆ?" ಎಂದು ಗದರಿದರು. ಕೈ ತಾನಾಗಿಯೇ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆದು, ಅವನ ಹಾಳೆಯ ಮೇಲೆ 'ಮತ್ತೆ' ಎಂದು ಬರೆದಿತ್ತು. ಅಲ್ಲಿಗೆ ನಿಂತಿತು.

"ಏನೂ ಮಾಡ್ಲಿಲ್ಲ ಸರ್," ಎಂದ ಕುಂಭಕರ್ಣ ಆಕಳಿಸುತ್ತ. "ನಲ್ಲಿ ತಿರುಗಿಸ್ದೆ, ತುಂಬ್ದೆ, ತಂದೆ. ಕುದಿಸೋಕೆ ಬೇಜಾರಾಯ್ತು."

ತರಗತಿ ಕಿಸಕ್ಕೆಂದು ನಕ್ಕಿತು. ಮೇಷ್ಟ್ರಿಗೆ ನಗು ಬರಲಿಲ್ಲ. ಅವರು ಪೆನ್ನನ್ನು ಜೇಬಿಗೆ ಸೇರಿಸಿ ಮೇಜಿನ ಅಂಚು ಹಿಡಿದು ನಿಂತರು.

"ಬೇರೆ ಯಾರು ಕುದಿಸಿದ್ರಿ?" ಎಂದು ಕೇಳಿದರು.

ಕೈಗಳು ಒಂದೊಂದಾಗಿ ಮೇಲೆದ್ದವು. ಯಾರ ಮುಖದಲ್ಲೂ ಅಳುಕಿರಲಿಲ್ಲ, ಎಲ್ಲರದರಲ್ಲೂ ಶಾಭಾಸ್‌ಗಿರಿಯ ನಿರೀಕ್ಷೆ. ಕುದಿಸದವರೂ ಸುಮ್ಮನೆ ಕೂತಿರಲಿಲ್ಲ. ಒಬ್ಬ ಮನೆಯ ಫಿಲ್ಟರಿನ ನೀರು ತುಂಬಿದ್ದ. ಒಬ್ಬಳು ಅಂಗಡಿಯಲ್ಲಿ ಸೀಲು ಮಾಡಿದ ಬಾಟಲಿಯನ್ನೇ ಕೊಂಡಿದ್ದಳು. ಇನ್ನೊಬ್ಬ ದೂರ ಯಾಕೆಂದು ಮುಖ್ಯೋಪಾಧ್ಯಾಯಿನಿಯ ಕೋಣೆಯ ನೀರು ಸೋಸುವ ಯಂತ್ರದಿಂದಲೇ ಹಿಡಿದುಕೊಂಡು, ಅದಕ್ಕೆ ಊರಾಚೆಯ ಬೀದಿಯೊಂದರ ಚೀಟಿ ಅಂಟಿಸಿದ್ದ. ಮಾನಿಟರ್ ಹುಡುಗಿ ಎದ್ದು ನಿಂತು ಕೈ ಕಟ್ಟಿಕೊಂಡಳು.

"ಸರ್, ನಿಮ್ಮ ಬೀದಿ ನೀರು ತುಂಬಾ ವಾಸನೆ ಇತ್ತು. ಅದಕ್ಕೆ ಬಟ್ಟೆಯಲ್ಲಿ ಸೋಸಿ ಎರಡು ಸಲ ಕುದಿಸ್ದೆ. ಆಮೇಲೆ ಕ್ಲೋರಿನ್ ಮಾತ್ರೆನೂ ಹಾಕ್ದೆ. ನಿಮ್ಮ ಬೀದಿಗೆ ಕೆಟ್ಟ ಹೆಸರು ಬರಬಾರದಲ್ವಾ ಸರ್."

"ಕಣ್ಣಿಗೆ ಕಂಡಿದ್ದನ್ನೇ ಬರೀರಿ ಅಂತ ನಾನು ಹೇಳಿರಲಿಲ್ವಾ?"

"ಹೇಳಿದ್ರಿ ಸರ್," ಎಂದಳು ಹುಡುಗಿ. ಮೇಷ್ಟ್ರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಅವಳಿಗೇ ಗಲಿಬಿಲಿಯಾಗಿತ್ತು. "ಆದ್ರೆ ಅವತ್ತು ಸಾಹೇಬ್ರು ಬಂದಿದ್ರಲ್ಲ ಸರ್."

ಮೇಷ್ಟ್ರಿಗೆ ಅರ್ಥವಾಯಿತು. ಹೊರಗಿನವರು ಬಂದ ದಿನ ಬೀರುವಿನಿಂದ ಒಳ್ಳೆಯ ತಕ್ಕಡಿ ಹೊರಬರುತ್ತದೆ, ಮೇಷ್ಟ್ರ ಬಾಯಿಂದ ಒಳ್ಳೆಯ ಮಾತು ಹೊರಬರುತ್ತದೆ. ಅವರು ಹೋದ ಮೇಲೆ ಎರಡೂ ಒಳಗೆ ಹೋಗುತ್ತವೆ. ಮಕ್ಕಳು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಇವರನ್ನೇ ನೋಡಿ ಕಲಿತಿದ್ದರು. ಕಲಿತದ್ದರಲ್ಲಿ ಇಡೀ ತರಗತಿಗೆ ಪೂರ್ತಿ ಅಂಕ ಕೊಡಬಹುದಿತ್ತು. ಇಡೀ ತರಗತಿಯಲ್ಲಿ ಹೇಳಿದಂತೆ ಮಾಡಿದವನು ಒಬ್ಬನೇ, ಅವನೂ ಮೈಗಳ್ಳತನದಿಂದ ಮಾಡಿದ್ದ. ಕುಂಭಕರ್ಣ ಆಗಲೇ ಮತ್ತೆ ಗೋಡೆಗೊರಗಿದ್ದ.

ಇನ್ನೊಂದು ಸಲ ಮಾಡಿಸೋಣವೆಂದರೆ ಪೆಟ್ಟಿಗೆಯಲ್ಲಿ ಶೀಶೆಗಳು ಮುಗಿದಿದ್ದವು. ಶೀಶೆಗಳ ಸಾಲನ್ನು ಮುಖ್ಯೋಪಾಧ್ಯಾಯಿನಿ ಬೆಳಿಗ್ಗೆಯೇ ತಮ್ಮ ಫೋನಿನಲ್ಲಿ ಚಿತ್ರ ತೆಗೆದು ಕಚೇರಿಗೆ ಕಳಿಸಿಯೂ ಆಗಿತ್ತು. ಕಚೇರಿಯವರು ಪೈಪಿನ ವಿಷಯಕ್ಕೆ ವರ್ಷಾನುಗಟ್ಟಲೆ ತೆಗೆದುಕೊಳ್ಳುತ್ತಾರೆ, ಹೊಗಳಿಕೆಯ ವಿಷಯಕ್ಕೆ ಮಧ್ಯಾಹ್ನದವರೆಗೂ ಕಾಯುವುದಿಲ್ಲ. ಮೇಷ್ಟ್ರು ಊಟದ ಬಿಡುವಿನಲ್ಲಿ ಬೆವರೊರೆಸಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಊರಿನ ನೀರು ಶುದ್ಧವೆಂಬ ಪ್ರಕಟಣೆ ಗೋಡೆಗೆ ಅಂಟಿಯಾಗಿತ್ತು.

"ಬನ್ನಿ ಬನ್ನಿ ಮೇಷ್ಟ್ರೇ," ಎಂದರು ನೋಡೋಣ ಸಾಹೇಬರು. "ನಿಮ್ಮ ಬೀದೀನೇ ಫಸ್ಟು. ನೀವು ನೋಡಿದ್ರೆ ಇಷ್ಟು ದಿನ ನಾತ ನಾತ ಅಂತ ನನ್ನ ತಲೆ ತಿಂದ್ರಿ."

ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರು. ಕುದಿಸಿದ್ದು, ಸೋಸಿದ್ದು, ಯಂತ್ರದಿಂದ ಹಿಡಿದದ್ದು, ಯಾವುದನ್ನೂ ಬಿಡಲಿಲ್ಲ. ಸಾಹೇಬರು ಕಣ್ಣು ಅರೆಮುಚ್ಚಿ ಕೇಳಿದರು.

"ಅಂದ್ರೆ ನಿಮ್ಮ ಮಕ್ಕಳು ಮೋಸ ಮಾಡಿದ್ರು ಅಂತೀರಾ?"

"ಮೋಸ ಅಲ್ಲ ಸರ್. ನಾನು ಕಲಿಸಿದ್ದೇ ಹಾಗೆ."

"ಹಾಗಂತ ಬರೆದುಕೊಡಿ. ಎಲ್ಲರ ಹೆಸರೂ ಬರೀರಿ. ಹತ್ತು ಅಂಕ ವಾಪಸ್ ತಗೊಳೋಣ, ಶಾಲೆ ಮೇಲೆ ವಿಚಾರಣೆ ಇಡೋಣ. ಮುಂದಿನ ವರ್ಷ ಶೀಶೆ ಬಂದ್ರೆ ಮತ್ತೆ ಪರೀಕ್ಷೆ ಮಾಡಿಸೋಣ." ಸಾಹೇಬರು ಬಿಳಿ ಹಾಳೆಯೊಂದನ್ನು ಮೇಜಿನ ಮೇಲೆ ಸರಿಸಿದರು. ಅವರ ದನಿಯಲ್ಲಿ ಕಿಂಚಿತ್ತೂ ಸಿಟ್ಟಿರಲಿಲ್ಲ.

ಮೇಷ್ಟ್ರು ಹಾಳೆ ನೋಡಿದರು. ಬರೆಯಲು ಶುರು ಮಾಡಿದರೆ ಮೊದಲ ಹೆಸರೇ ಮಾನಿಟರ್ ಹುಡುಗಿಯದು. ಅವರು ಹಾಳೆಯನ್ನು ಹಾಗೇ ಬಿಟ್ಟು, "ಹೊಸ ಪೈಪು ಯಾವ ಬೀದಿಗೆ ಸರ್?" ಎಂದು ಕೇಳಿದರು.

ಸಾಹೇಬರು ಮೊದಲ ಸಲ ಸ್ವಲ್ಪ ಸಂಕೋಚಪಟ್ಟರು. "ಕಪ್ಪಾಗಿದ್ದು ಒಂದೇ ಅಲ್ವೇ? ಆ ಬೀದಿಗೇ. ನಿಯಮ ಅಂದ್ರೆ ನಿಯಮ. ಅಕಸ್ಮಾತ್ ಅದು ನಮ್ಮ ಮನೆ ಇರೋ ಬೀದಿ ಆಗ್ಬಿಟ್ಟಿದೆ, ನಾನೇನು ಮಾಡೋಕಾಗುತ್ತೆ ಹೇಳಿ."

ಆ ರಾತ್ರಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ಹೆದರಿಕೆ ತಂದಿತು. "ಫಲಕ ಕೊಡೋಕೆ ಸಮಾರಂಭ ಮಾಡ್ತಾರಂತಲ್ಲ," ಎಂದಳು ಕೊನೆಗೆ. "ಊರಿನವರೆಲ್ಲ ಇರ್ತಾರೆ. ಅಲ್ಲಿ ಮೈಕ್ ಹಿಡಿದು ಹೇಳಿ. ಮಕ್ಕಳ ಹೆಸರು ಯಾಕೆ, ನಿಮ್ಮ ಹೆಸರು ಹೇಳಿದ್ರೆ ಸಾಕು. ತಪ್ಪು ನನ್ನದು, ನೀರು ಕೆಟ್ಟದ್ದು, ಪೈಪ್ ಹಾಕಿ. ಮೂರು ಮಾತು."

ಮೇಷ್ಟ್ರಿಗೆ ಆ ಮಾತು ನಾಟಿತು. ಮೂರೇ ಮಾತು, ನೀರು ಕುಡಿದಷ್ಟು ಸುಲಭ. ಸಮಾರಂಭದ ದಿನದವರೆಗೂ ಅವರು ಸ್ನಾನ ಮಾಡುವಾಗ, ಷರಟಿಗೆ ಇಸ್ತ್ರಿ ಹಾಕುವಾಗ, ದಾರಿಯಲ್ಲಿ ನಡೆಯುವಾಗ ಅದನ್ನೇ ಗುನುಗಿದರು. ತಮ್ಮನ್ನು ತಾವೇ ಸ್ವಲ್ಪ ಮೆಚ್ಚಿಕೊಂಡರು ಕೂಡ. ಧೈರ್ಯ ಮಾಡುವ ಮುಂಚೆ ಮನುಷ್ಯ ತನ್ನ ಧೈರ್ಯವನ್ನು ಮೆಚ್ಚಿಕೊಳ್ಳುವಷ್ಟು ಇನ್ನು ಯಾವಾಗಲೂ ಮೆಚ್ಚಿಕೊಳ್ಳುವುದಿಲ್ಲ.

ಶಾಲೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ, ಅವಳ ತೊಡೆಯ ಮೇಲೆ ಪುಟ್ಟಿ. ಅಪ್ಪ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಪುಟ್ಟಿಗೆ ಹಿಡಿಸಲಾರದಷ್ಟು ಹೆಮ್ಮೆ. ಪಕ್ಕದಲ್ಲಿ ಕೂತವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಳು. ಮುಖ್ಯೋಪಾಧ್ಯಾಯಿನಿ ಸ್ವಾಗತ ಕೋರಿದರು. ಒಬ್ಬೊಬ್ಬ ವಿದ್ಯಾರ್ಥಿಯೂ ಬಂದು ಪ್ರಮಾಣಪತ್ರ ತೆಗೆದುಕೊಂಡು ಹೋದ. ಕುಂಭಕರ್ಣನಿಗೆ ಮಾತ್ರ ಪತ್ರವಿರಲಿಲ್ಲ, ಊರಿನ ಹೆಸರು ಕೆಡಿಸಿದವನಿಗೆ ಯಾರು ಕೊಡುತ್ತಾರೆ? ಅವನ ಪುಣ್ಯದಿಂದ ಹೊಸ ಪೈಪು ಗಿಟ್ಟಿಸಿಕೊಂಡ ಸಾಹೇಬರು ಅವನ ಹೆಸರನ್ನೂ ಎತ್ತಲಿಲ್ಲ.

ಆಮೇಲೆ ಫಲಕವನ್ನು ಹೊತ್ತು ತಂದರು. ನೀಲಿ ಬಣ್ಣದ ತಗಡು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಅತ್ಯಂತ ಶುದ್ಧ ನೀರಿನ ಬೀದಿ'. ಮೇಷ್ಟ್ರು ಎದ್ದು ಮೈಕಿನ ಹತ್ತಿರ ಬಂದರು. ಹೆಂಡತಿ ಮುಂದಕ್ಕೆ ಬಾಗಿ ಕೂತಳು.

"ತಪ್ಪು..." ಎಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಸಾಹೇಬರು ಅವರ ಹೆಗಲ ಮೇಲೆ ಕೈಹಾಕಿ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. "ತಪ್ಪು ತಿಳ್ಕೊಂಡಿರೋರು ಊರಲ್ಲಿ ತುಂಬಾ ಜನ ಇದ್ದಾರೆ ಅಂತ ಮೇಷ್ಟ್ರು ಹೇಳ್ತಿದ್ದಾರೆ. ಅಂಥವರ ಅನುಮಾನ ಈಗ್ಲೇ ಪರಿಹಾರ ಮಾಡ್ಬಿಡೋಣ. ಫಸ್ಟ್ ಬಂದ ಬೀದಿ ನೀರನ್ನ ಬೆಳಿಗ್ಗೆ ತಾನೇ ಹಿಡಿಸಿ ತರಿಸಿದೀವಿ. ಆ ಬೀದಿಯವರೇ ನಿಮ್ಮೆದುರು ಕುಡೀತಾರೆ."

ಮಾನಿಟರ್ ಹುಡುಗಿ ತಟ್ಟೆಯಲ್ಲಿ ದೊಡ್ಡ ಗಾಜಿನ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಲೋಟದ ನೀರು ತುಳುಕಲಿಲ್ಲ. ಅವಳ ಕೈಯಲ್ಲಿ ಯಾವುದೂ ತುಳುಕುವುದಿಲ್ಲ. ಮೇಷ್ಟ್ರು ಲೋಟ ನೋಡಿದರು, ಹೆಂಡತಿಯನ್ನು ನೋಡಿದರು. ಬೇಡ ಎಂದು ಅವಳು ತಲೆಯಾಡಿಸುತ್ತಿದ್ದಳು. ಈಗ ಹೇಳಿಬಿಡುತ್ತೇನೆ ಎಂದು ಮೇಷ್ಟ್ರು ಉಸಿರೆಳೆದುಕೊಂಡರು. ಆ ಹೊತ್ತಿಗೆ ಹುಡುಗಿ ತಟ್ಟೆ ಮುಂದೆ ಮಾಡುವ ನೆವದಲ್ಲಿ ಬಗ್ಗಿ ಪಿಸುಗುಟ್ಟಿದಳು.

"ಹೆದರ್ಬೇಡಿ ಸರ್. ನಮ್ಮನೆ ನೀರು. ಕುದಿಸಿ ಆರಿಸಿ ತಂದಿದೀನಿ."

ಮೇಷ್ಟ್ರು ಅವಳ ಮುಖ ನೋಡಿದರು. ಅಲ್ಲಿ ಕಪಟವಿರಲಿಲ್ಲ, ಅವರ ಮೇಲಿನ ಪ್ರೀತಿಯಿತ್ತು. ಮೊದಲ ಸಾಲಿನಲ್ಲಿ ಅವಳ ಅಪ್ಪ ಅಮ್ಮ ಮಗಳ ಪ್ರಮಾಣಪತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಈಗ ಬಾಯಿ ಬಿಟ್ಟರೆ ಈ ಹುಡುಗಿ ವೇದಿಕೆಯ ಮೇಲೆ, ಊರಿನೆದುರು ಸಿಕ್ಕಿಬೀಳುತ್ತಾಳೆ. ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ. ಇದೊಂದು ಲೋಟ ಕುಡಿದು, ಮೂರು ಮಾತನ್ನು ನಾಳೆ ಸಾಹೇಬರ ಕೋಣೆಯಲ್ಲಿ ಹೇಳಿದರಾಯಿತು. ಹೇಡಿತನ ಬಂದಾಗ ತಾನು ಹೇಡಿತನ ಎಂದು ಹೆಸರು ಹೇಳಿಕೊಂಡು ಬರುತ್ತದೆಯೇ? ಅದು ಯಾವಾಗಲೂ ಯಾರದಾದರೂ ಒಬ್ಬರ ಮೇಲಿನ ಕರುಣೆಯ ಹೆಸರಿನಲ್ಲೇ ಬರುತ್ತದೆ.

ಮೇಷ್ಟ್ರು ಲೋಟ ಎತ್ತಿದರು. ಒಂದು ಗುಟುಕಿಗೆ ನಿಲ್ಲಿಸಬೇಕೆಂದಿದ್ದರು, ಆದರೆ ಅಂಗಳದ ತುಂಬ ಮಕ್ಕಳು "ಪೂರ್ತಿ ಸರ್, ಪೂರ್ತಿ" ಎಂದು ಕೂಗತೊಡಗಿದರು. ಮೇಷ್ಟ್ರು ಕತ್ತೆತ್ತಿ ಪೂರ್ತಿ ಕುಡಿದು ಲೋಟವನ್ನು ಬೋರಲು ಹಿಡಿದು ತೋರಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಅವರ ಬೀದಿಯಿಂದ ಬಂದು ಕೂತಿದ್ದ ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೇಷ್ಟ್ರೇ ಕುಡಿದ ಮೇಲೆ ಮಾತೇನು ಎಂದು ತಾವೂ ತಟ್ಟಿದರು. ಹೆಂಡತಿ ಮಾತ್ರ ಎದ್ದು ಮಗುವಿನ ಕೈ ಹಿಡಿದು ಹೊರಟುಹೋದಳು.

ಫೋಟೋ, ಟೀ, ಕೈಕುಲುಕಾಟ ಎಲ್ಲ ಮುಗಿದು ಮೇಷ್ಟ್ರು ಬಿಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಬೀದಿಯ ತುದಿಯಲ್ಲಿ ಇಬ್ಬರು ಏಣಿ ಹಾಕಿ ಕಂಬಕ್ಕೆ ನೀಲಿ ಫಲಕ ಬಿಗಿಯುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿ ಅದರ ಕೆಳಗೇ ನುಸುಳಿ ಮನೆಗೆ ಬಂದರು. ಹೆಂಡತಿ ಕೋಣೆಯಲ್ಲಿ ಮಂಚದ ಮೇಲೆ ಚೀಲವಿಟ್ಟುಕೊಂಡು ಮಗುವಿನ ಬಟ್ಟೆಗಳನ್ನು ಮಡಿಸಿ ತುಂಬುತ್ತಿದ್ದಳು.

"ಅದು ನಮ್ಮ ನಲ್ಲಿ ನೀರಲ್ಲ ಕಣೇ," ಎಂದರು ಮೇಷ್ಟ್ರು ಬಾಗಿಲಲ್ಲೇ ನಿಂತು. "ಆ ಹುಡುಗಿ ಮನೆಯದು. ಕುದಿಸಿ ತಂದಿದ್ಲು. ನಾನೇನು ಹುಚ್ಚನಾ?"

ಹೆಂಡತಿ ಕೈಯಲ್ಲಿದ್ದ ಫ್ರಾಕನ್ನು ಹಾಗೇ ಹಿಡಿದು ಅವರನ್ನು ನೋಡಿದಳು. "ಇದನ್ನ ನನಗೆ ಹೇಳ್ತಿದ್ದೀರಾ?" ಎಂದಳು. "ಊರಿಗೆ ಹೇಳಬೇಕಾದ್ದನ್ನ ಮನೆಗೆ ಬಂದು ನನ್ನ ಕಿವಿಗೆ ಹೇಳ್ತಿದ್ದೀರಾ?"

ಮೇಷ್ಟ್ರು ನಾಳೆ, ಕಚೇರಿ, ಸಾಹೇಬರು ಎಂದೇನೋ ತೊದಲಿದರು. ಹೆಂಡತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಕತ್ತು ತಿರುಗಿಸಿ ಹಿತ್ತಲ ಕಡೆಯ ಸದ್ದಿಗೆ ಕಿವಿಗೊಟ್ಟಿದ್ದಳು. ಬಚ್ಚಲಲ್ಲಿ ನೀರು ಸುರಿಯುತ್ತಿತ್ತು.

"ಪುಟ್ಟಿ ಎಲ್ಲಿ?" ಎಂದರು ಮೇಷ್ಟ್ರು.

"ಇಲ್ಲೇ ಆಡ್ತಿದ್ಲು," ಎನ್ನುತ್ತ ಅವಳು ಚೀಲ ಬಿಟ್ಟು ಓಡಿದಳು. ಮೇಷ್ಟ್ರು ಅವಳಿಗಿಂತ ಮುಂದೆ ಓಡಿದರು.

ಪುಟ್ಟಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಿದ್ದಳು. ನಲ್ಲಿ ತಿರುಗಿಸಿದ್ದು ಹಾಗೇ ಇತ್ತು. ಅವಳ ಗಲ್ಲ, ಕತ್ತು, ಫ್ರಾಕಿನ ಮುಂಭಾಗ ಎಲ್ಲ ಒದ್ದೆ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಬಂದದ್ದು ನೋಡಿ ಅವಳು ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಬೋರಲು ಹಿಡಿದು ತೋರಿಸಿದಳು. ಚಪ್ಪಾಳೆಗೆ ಕಾದಳು.

ಮೇಷ್ಟ್ರು ಕೈಚಾಚಿ ನಲ್ಲಿ ನಿಲ್ಲಿಸಿದರು. ಒದ್ದೆ ನೆಲದ ಮೇಲೆ ಮಂಡಿಯೂರಿ ಮಗಳ ಎರಡೂ ಭುಜ ಹಿಡಿದರು.

"ಎಷ್ಟು ಕುಡಿದೆ ಪುಟ್ಟಿ? ಹೇಳಮ್ಮ, ಎಷ್ಟು ಕುಡಿದೆ?"

"ನೀನು ಕುಡಿದಷ್ಟೇ ಅಪ್ಪ," ಎಂದಳು ಪುಟ್ಟಿ. "ಪೂರ್ತಿ."